ಕೊಡಗಿನ ಮಾಡಿನ ಮೇಲೆ ಸೋಲಾರ್: ಬಿಲ್ಲಿಗೋ, ಕತ್ತಲೆಗೋ?

ಜೂನ್ ತಿಂಗಳ ಎರಡನೇ ವಾರ, ಸುಂಟಿಕೊಪ್ಪದ ಆಚೆ ಬಾವನ ಮನೆ. ಹಿಂದಿನ ರಾತ್ರಿಯ ಗಾಳಿಗೆ ಎಲ್ಲೋ ಮರ ಬಿದ್ದು ಲೈನ್ ಹೋಗಿತ್ತು. ಬೆಳಿಗ್ಗೆ ಹತ್ತು ಗಂಟೆಗೆ ಬಾವ ಜಗಲಿಯಲ್ಲಿ ಕೂತು ಗೋಡೆಯ ಮೇಲಿನ ಇನ್ವರ್ಟರನ್ನೇ ನೋಡುತ್ತಿದ್ದರು. ಮಾರ್ಚ್‌ನಲ್ಲಿ ಮಾಡಿನ (ಛಾವಣಿಯ) ಮೇಲೆ ಹಾಕಿಸಿದ 3 ಕಿಲೋವ್ಯಾಟ್ ಸೋಲಾರ್. ಅದರ ಮುಖದಲ್ಲಿ ಒಂದು ಕೆಂಪು ದೀಪ ಮಾತ್ರ ಉರಿಯುತ್ತಿತ್ತು.

"ಎಂಥ ಸೋಲಾರ್ ಮಾರಾಯ ಇದು? ಕರೆಂಟ್ ಹೋದ್ರೆ ಇದೂ ಹೋಗ್ತದೆ. ಹಗಲು ಹೊತ್ತು, ಮಾಡಿನ ಮೇಲೆ ಬೆಳಕಂತೂ ಉಂಟಲ್ಲ?"

ಉಂಟು. ತಮಾಷೆಯೆಂದರೆ, ಆ ಕೆಂಪು ದೀಪ ಉರಿಯುತ್ತಿದ್ದದ್ದೇ ಮಾಡಿನ ಮೇಲಿನ ಪ್ಯಾನೆಲ್‌ನಿಂದ ಇಳಿದು ಬರುತ್ತಿದ್ದ ಕರೆಂಟಿನಲ್ಲಿ. ಯಂತ್ರ ಕೆಟ್ಟಿರಲಿಲ್ಲ, ಮಾಡಬೇಕಾದ ಕೆಲಸವನ್ನೇ ಮಾಡುತ್ತಿತ್ತು. ಹಾಕಿಕೊಟ್ಟವರು ಈ ವಿಷಯ ಬಾಯಿಬಿಟ್ಟು ಹೇಳಿರಲಿಲ್ಲ, ಬಾವನೂ ಕೇಳಿರಲಿಲ್ಲ. ಬಿಲ್ ಎಷ್ಟು ಇಳಿಯುತ್ತದೆ, ಸಬ್ಸಿಡಿ ಎಷ್ಟು ಬರುತ್ತದೆ ಎಂಬಲ್ಲಿಗೆ ಮಾತು ಮುಗಿದಿತ್ತು. ಬೆಂಗಳೂರಿನಲ್ಲಾದರೆ ಅಷ್ಟು ಸಾಕು. ಕೊಡಗಿನಲ್ಲಿ ಸೋಲಾರ್ ಹಾಕಿಸಲು ಹೊರಟವರ ಮನಸ್ಸಿನಲ್ಲಿ ಇರುವುದು ಬಹುತೇಕ ಬಿಲ್ ಅಲ್ಲ, ಮಳೆಗಾಲದ ಕತ್ತಲೆ. ಇವೆರಡೂ ಬೇರೆ ಬೇರೆ ಕಾಯಿಲೆ, ಔಷಧಿಯೂ ಬೇರೆ. ಒಂದರ ಔಷಧಿ ಕೊಂಡು ಇನ್ನೊಂದು ವಾಸಿಯಾಗಲಿಲ್ಲವೆಂದು ಬೇಸರಿಸುವವರನ್ನು ಈಚೆಗೆ ಊರೂರಲ್ಲಿ ಕಾಣುತ್ತಿದ್ದೇನೆ.

ಬಾವನ ಇನ್ವರ್ಟರ್ ಯಾಕೆ ನಿಂತಿತು ಎಂಬುದನ್ನು ಮೊದಲು ನೋಡೋಣ. ಪ್ಯಾನೆಲ್‌ನ ಸಿಲಿಕಾನ್ ಬಿಲ್ಲೆಗಳ ಮೇಲೆ ಬೆಳಕು ಬಿದ್ದರೆ ಹುಟ್ಟುವುದು ಡಿಸಿ, ಅಂದರೆ ಟಾರ್ಚ್ ಸೆಲ್ಲಿನಂತೆ ಒಂದೇ ದಿಕ್ಕಿಗೆ ಹರಿಯುವ ಕರೆಂಟ್. ಮನೆಗೆ ಬೇಕಾದದ್ದು 230 ವೋಲ್ಟಿನ, ಸೆಕೆಂಡಿಗೆ 50 ಆವರ್ತದ ಎಸಿ. ಇನ್ವರ್ಟರ್ ಇದನ್ನು ಅದಾಗಿ ಬದಲಿಸುತ್ತದೆ. ಆದರೆ 'ಆನ್-ಗ್ರಿಡ್' ಎಂದು ಕರೆಯುವ ಇನ್ವರ್ಟರಿಗೆ ಸ್ವಂತ ತಾಳವಿಲ್ಲ. ಲೈನಿನಲ್ಲಿ ಬರುವ ಕರೆಂಟಿನ ತಾಳ ಹಿಡಿದು ಅದಕ್ಕೆ ಸರಿಯಾಗಿ ಹೆಜ್ಜೆ ಹಾಕುತ್ತದೆ. ಮದುವೆ ಮನೆಯಲ್ಲಿ ವಾಲಗ ನಿಂತರೆ ಕುಣಿಯುವವರೂ ನಿಲ್ಲುತ್ತಾರಲ್ಲ, ಹಾಗೆ.

ನಿಲ್ಲಲೇಬೇಕು ಎಂಬ ಕಡ್ಡಾಯಕ್ಕೆ ಇನ್ನೊಂದು ಕಾರಣವಿದೆ, ಅದು ಕೊಡಗಿನವರಿಗೆ ಬೇರೆಯವರಿಗಿಂತ ಚೆನ್ನಾಗಿ ಅರ್ಥವಾಗಬೇಕು. ಮರ ಬಿದ್ದ ಜಾಗದಲ್ಲಿ ಲೈನ್‌ಮ್ಯಾನ್ ಮಳೆಯಲ್ಲಿ ನೆನೆಯುತ್ತ ಕಂಬ ಹತ್ತಿರುತ್ತಾರೆ. ಮೇಲಿನಿಂದ ಲೈನ್ ಆಫ್ ಮಾಡಿಸಿರುತ್ತಾರೆ. ಆಗ ನಮ್ಮ ಮನೆಯ ಸೋಲಾರ್ ಮಾತ್ರ ಕರೆಂಟ್ ಹೊರಗೆ ತಳ್ಳುತ್ತಲೇ ಇದ್ದರೆ ಅದು ಸರ್ವಿಸ್ ವಯರಿನಲ್ಲಿ ಹಿಂದಕ್ಕೆ ಹರಿದು ಊರಿನ ಟ್ರಾನ್ಸ್‌ಫಾರ್ಮರ್ ತಲುಪುತ್ತದೆ. ಟ್ರಾನ್ಸ್‌ಫಾರ್ಮರಿಗೆ ಹಿಂದು ಮುಂದು ಎಂಬುದಿಲ್ಲ. ಆ ಕಡೆಯಿಂದ 11,000 ವೋಲ್ಟ್ ಬಂದರೆ ಈ ಕಡೆ ಇಳಿಸಿ ಕೊಡುವ ಹಾಗೆಯೇ, ಈ ಕಡೆಯಿಂದ 230 ಹೋದರೆ ಆ ಕಡೆ 11,000ಕ್ಕೆ ಏರಿಸಿಬಿಡುತ್ತದೆ. ಸತ್ತ ಲೈನ್ ಎಂದು ತಂತಿ ಹಿಡಿದವರ ಗತಿ ಏನಾಗಬೇಕು? ಅದಕ್ಕೇ ಲೈನಿನಲ್ಲಿ ಕರೆಂಟ್ ಇಲ್ಲವೆಂದು ಗೊತ್ತಾದ ಕೂಡಲೇ ಆನ್-ಗ್ರಿಡ್ ಇನ್ವರ್ಟರ್ ತಾನಾಗಿ ಕಳಚಿಕೊಳ್ಳುತ್ತದೆ. ಮನೆಯನ್ನು ಲೈನಿನಿಂದ ಬೇರ್ಪಡಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರ್ ಜೋಡಿಸುವವರೂ ಇದೇ ಅಪಾಯವನ್ನು ಲೈನಿಗೆ ಕಳಿಸುತ್ತಿರುತ್ತಾರೆ, ಆ ಮಾತು ಬೇರೆ.

ಹಾಗಾದರೆ ಕತ್ತಲೆಗೆ ಮದ್ದು? ಅದು ಕೊಡಗಿಗೆ ಹೊಸದೇನಲ್ಲ. ಸಿದ್ದಾಪುರದ ಕಡೆ ತೋಟದ ಅಂಚಿನಲ್ಲಿ ಆನೆಗೆಂದು ಎಳೆದ ಸೋಲಾರ್ ಬೇಲಿ ನೋಡಿ. ಅಂಗೈ ನಾಲ್ಕರಷ್ಟು ದೊಡ್ಡ ಪ್ಯಾನೆಲ್, 12 ವೋಲ್ಟಿನ ಒಂದು ಬ್ಯಾಟರಿ, ಸೆಕೆಂಡಿಗೊಮ್ಮೆಯಷ್ಟು ಟಕ್ ಟಕ್ ಎನ್ನುವ ಒಂದು ಪೆಟ್ಟಿಗೆ. ಯಾವ ಕಂಬದ ಹಂಗೂ ಇಲ್ಲ. ಹಗಲು ಬ್ಯಾಟರಿ ತುಂಬುತ್ತದೆ, ರಾತ್ರಿ ಆನೆಗೆ ಶಾಕ್. ಇದು 'ಆಫ್-ಗ್ರಿಡ್'. ಇದನ್ನೇ ಮನೆಯ ಅಳತೆಗೆ ಹಿಗ್ಗಿಸಿ, ಲೈನ್ ಕರೆಂಟಿಗೂ ಜೋಡಿಸಿದರೆ 'ಹೈಬ್ರಿಡ್'. ಹೈಬ್ರಿಡ್ ಇನ್ವರ್ಟರ್ ಲೈನ್ ಇದ್ದಾಗ ಅದರ ತಾಳಕ್ಕೆ ಕುಣಿಯುತ್ತದೆ. ಲೈನ್ ಹೋದಾಗ ಮನೆಯನ್ನು ಕಂಬದಿಂದ ಬೇರ್ಪಡಿಸಿ, ಬ್ಯಾಟರಿಯ ಬಲದಲ್ಲಿ ತನ್ನದೇ ತಾಳ ಹಾಕುತ್ತದೆ. ಲೈನ್‌ಮ್ಯಾನ್ ಕ್ಷೇಮ, ಮನೆಯಲ್ಲಿ ಬೆಳಕು. ಆದರೆ ದುಡ್ಡು ಹೆಚ್ಚು, ಮತ್ತು ಸಬ್ಸಿಡಿ ಲೆಕ್ಕದಲ್ಲಿ ಬ್ಯಾಟರಿಗೆಂದು ಬಿಡಿಗಾಸೂ ಇಲ್ಲ.

ಬಿಲ್ಲಿನ ಲೆಕ್ಕ ಮೊದಲು ಮುಗಿಸಿಬಿಡುತ್ತೇನೆ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮನೆಯ ಸೋಲಾರಿಗೆ ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000, ಒಟ್ಟು 78,000 ಸಿಗುತ್ತದೆ. 5 ಕಿಲೋವ್ಯಾಟ್ ಹಾಕಿದರೂ 10 ಹಾಕಿದರೂ ಅಷ್ಟೇ. ಗೃಹ ಬಳಕೆಯ ಸಂಪರ್ಕವಿರಬೇಕು, ಲೈನಿಗೆ ಜೋಡಿಸಿರಬೇಕು, ಪ್ಯಾನೆಲ್‌ನೊಳಗಿನ ಬಿಲ್ಲೆಯೂ ಭಾರತದಲ್ಲೇ ತಯಾರಾಗಿರಬೇಕು. ದುಡ್ಡು ಮೊದಲು ನಮ್ಮ ಕೈಯಿಂದ ಹೋಗುತ್ತದೆ, ಸಬ್ಸಿಡಿ ಕೆಲಸ ಮುಗಿದು ಮೀಟರ್ ಕೂತ ಮೇಲೆ ಖಾತೆಗೆ ಬರುತ್ತದೆ. ನಮ್ಮ ಜಿಲ್ಲೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ವ್ಯಾಪ್ತಿ, ಜನರ ಬಾಯಲ್ಲಿ ಸೆಸ್ಕ್. ಮೀಟರ್ ಹಾಕುವುದು ಅವರೇ. 2024ರಲ್ಲೇ ಬಂದ ತಿದ್ದುಪಡಿಯಿಂದ 10 ಕಿಲೋವ್ಯಾಟ್ ತನಕ 'ನಿಮ್ಮ ಲೈನ್ ತಡೆಯುತ್ತದೋ ಇಲ್ಲವೋ ನೋಡಬೇಕು' ಎಂಬ ತಾಂತ್ರಿಕ ಪರಿಶೀಲನೆಯ ಕಾಯುವಿಕೆ ಇಲ್ಲ.

ಹೊಸ ಮೀಟರ್ ಎರಡೂ ಕಡೆ ಓದುತ್ತದೆ. ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಉಳಿದ ಕರೆಂಟ್ ಲೈನಿಗೆ ಹೋಗುತ್ತದೆ, ರಾತ್ರಿ ಲೈನಿನಿಂದ ಬರುತ್ತದೆ. ತಿಂಗಳ ಕೊನೆಗೆ ಬಂದದ್ದರಲ್ಲಿ ಹೋದದ್ದು ಕಳೆದು ಬಿಲ್. ಇದು ನೆಟ್ ಮೀಟರಿಂಗ್. ಲೈನೇ ನಮ್ಮ ಬ್ಯಾಟರಿ ಇದ್ದ ಹಾಗೆ, ಒಂದೇ ವ್ಯತ್ಯಾಸವೆಂದರೆ ಈ ಬ್ಯಾಟರಿ ಗಾಳಿಮಳೆಗೆ ಕಾಣೆಯಾಗುತ್ತದೆ.

ಯಾರಿಗೆ ಲಾಭ? ತಿಂಗಳಿಗೆ 300 ಯೂನಿಟ್ ಸುಡುವ ಮನೆ ಎಂದುಕೊಳ್ಳಿ. 3 ಕಿಲೋವ್ಯಾಟಿಗೆ ಎಲ್ಲ ಖರ್ಚು ಸೇರಿ ಸುಮಾರು 2 ಲಕ್ಷ, ಸಬ್ಸಿಡಿ ಕಳೆದು 1,22,000. ಯೂನಿಟಿಗೆ ಸುಮಾರು 6 ರೂಪಾಯಿಯಂತೆ ತಿಂಗಳಿಗೆ 1,800 ಉಳಿದರೆ ಆರು ವರ್ಷದ ಒಳಗೆ ಹಾಕಿದ್ದು ಬಂತು. ಪ್ಯಾನೆಲ್‌ನ ಉತ್ಪಾದನಾ ಗ್ಯಾರಂಟಿ ಸಾಮಾನ್ಯವಾಗಿ 25 ವರ್ಷ, ಇನ್ವರ್ಟರ್ ನಡುವೆ ಒಮ್ಮೆ ಬದಲಿಸಬೇಕಾಗಬಹುದು. ಲೆಕ್ಕ ಕೆಟ್ಟದಲ್ಲ. ಆದರೆ ತಿಂಗಳಿಗೆ 120 ಯೂನಿಟ್ ಬಳಸುವ ಮನೆಗೆ? 2023ರಿಂದ ಗೃಹಜ್ಯೋತಿ ಇದೆ, 200 ಯೂನಿಟ್ ಒಳಗಿನ ಹೆಚ್ಚಿನವರಿಗೆ ಬಿಲ್ಲೇ ಸೊನ್ನೆ. ಸೊನ್ನೆಯಿಂದ ಕಳೆಯುವುದು ಏನನ್ನು? ಕೇಂದ್ರ ಮಾಡಿನ ಮೇಲೆ ಸೋಲಾರ್ ಹಾಕು ಎನ್ನುತ್ತದೆ, ರಾಜ್ಯ ಬಿಲ್ಲೇ ಕಟ್ಟಬೇಡ ಎನ್ನುತ್ತದೆ. ಎರಡೂ ಒಳ್ಳೆಯದೇ, ಒಂದರ ಕಾಲಿಗೆ ಇನ್ನೊಂದು ತೊಡರುತ್ತದೆ ಅಷ್ಟೆ. ಸಣ್ಣ ಮನೆಯವರಿಗೆ ಬಿಲ್ ಉಳಿತಾಯದ ಆಸೆ ತೋರಿಸಿ ಆನ್-ಗ್ರಿಡ್ ಮಾರುವವರ ಮಾತಿಗೆ ಮರುಳಾಗಬೇಡಿ ಎಂದು ನಾನು ನೇರವಾಗಿಯೇ ಹೇಳುತ್ತೇನೆ. ವಾಣಿಜ್ಯ ಸಂಪರ್ಕವಿರುವ ರೆಸಾರ್ಟ್, ಅಂಗಡಿಗಳದ್ದು ಬೇರೆ ಲೆಕ್ಕ. ಅವರಿಗೆ ಈ ಸಬ್ಸಿಡಿ ಇಲ್ಲ, ಆದರೆ ಕಟ್ಟುವ ದರ ಹೆಚ್ಚಾದ್ದರಿಂದ ಉಳಿಯುವುದೂ ಹೆಚ್ಚು.

ಇನ್ನು ಬಿಸಿಲು. ದಕ್ಷಿಣ ಭಾರತದಲ್ಲಿ ಎಲ್ಲರೂ ಹೇಳುವ ಲೆಕ್ಕ 1 ಕಿಲೋವ್ಯಾಟಿಗೆ ದಿನಕ್ಕೆ ಸರಾಸರಿ 4 ಯೂನಿಟ್. ಸರಾಸರಿ ಎಂಬ ಪದ ಕೊಡಗಿನಲ್ಲಿ ಬಹಳ ಮೋಸ ಮಾಡುತ್ತದೆ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ನಮ್ಮಲ್ಲಿ ಒಳ್ಳೆಯ ಬಿಸಿಲು, ಜೊತೆಗೆ ತಂಪು ಹವೆ. ಪ್ಯಾನೆಲ್‌ಗೆ ಬೆಳಕು ಬೇಕು, ಸೆಖೆ ಬೇಡ. ಬಿಲ್ಲೆಯ ಬಿಸಿ 25 ಡಿಗ್ರಿ ದಾಟಿದ ಮೇಲೆ ಪ್ರತಿ ಡಿಗ್ರಿಗೂ ಉತ್ಪಾದನೆ ಶೇಕಡಾ 0.35ರಿಂದ 0.4ರಷ್ಟು ಇಳಿಯುತ್ತದೆ. ರಾಯಚೂರಿನ ಮಾಡಿಗಿಂತ ಮಡಿಕೇರಿಯ ಮಾಡಿಗೆ ಈ ವಿಷಯದಲ್ಲಿ ಅನುಕೂಲ. ಜೂನ್ ಬಂತೆಂದರೆ ಎಲ್ಲ ತಲೆಕೆಳಗು. ದಟ್ಟ ಮೋಡದ ದಿನ 1 ಕಿಲೋವ್ಯಾಟಿಗೆ 1 ಯೂನಿಟ್ ಕೂಡ ಬಾರದೆ ಹೋಗಬಹುದು. ಜಿಲ್ಲೆ ಚಿಕ್ಕದು, ಆದರೂ ಭಾಗಮಂಡಲದ ಮಳೆಯೂ ಕುಶಾಲನಗರದ ಮಳೆಯೂ ಒಂದೇ ಅಲ್ಲ. ಕುಶಾಲನಗರದಲ್ಲಿ ಹಾಕಿದವರ ಮಾತು ಕೇಳಿ ಭಾಗಮಂಡಲದವರು ಲೆಕ್ಕ ಹಾಕಬಾರದು. ನಮ್ಮ ತೋಟದ ಮನೆಗಳಲ್ಲಿ ಇಂಚು, ಸೆಂಟಿನಲ್ಲಿ ಮಳೆ ಬರೆದಿಟ್ಟ ಹಳೆಯ ಪುಸ್ತಕಗಳಿರುತ್ತವೆ. ಸೋಲಾರ್ ಕಂಪೆನಿಯ ಬಣ್ಣದ ಚೀಟಿಗಿಂತ ಆ ಪುಸ್ತಕ ನಂಬುವುದು ಲೇಸು. ಮಳೆ ಬಿದ್ದ ದಿನಗಳನ್ನು ಎಣಿಸಿದರೆ ಪ್ಯಾನೆಲ್ ಸುಮ್ಮನೆ ಕೂರುವ ದಿನಗಳ ಅಂದಾಜು ಸಿಗುತ್ತದೆ.

ಮಳೆಗಿಂತ ದೊಡ್ಡ ಸಮಸ್ಯೆ ಮರ. ಪ್ಯಾನೆಲ್‌ಗಳನ್ನು ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿ ಸಾಲು ಮಾಡಿರುತ್ತಾರೆ, ಒಳಗಿನ ಬಿಲ್ಲೆಗಳೂ ಹಾಗೆಯೇ. ಪೈಪಿನಲ್ಲಿ ಒಂದು ಕಡೆ ಕಾಲಿಟ್ಟರೆ ಇಡೀ ಪೈಪಿನ ನೀರು ಕಡಿಮೆಯಾಗುವಂತೆ, ಒಂದು ಮೂಲೆಗೆ ನೆರಳು ಬಿದ್ದರೂ ಸಾಲಿನ ಕರೆಂಟ್ ಕುಗ್ಗುತ್ತದೆ. ನೆರಳು ಬಿದ್ದ ಭಾಗವನ್ನು ಬದಿಗಿಟ್ಟು ಹರಿಯಲು ಪ್ರತಿ ಪ್ಯಾನೆಲ್‌ನಲ್ಲಿ ಸಾಮಾನ್ಯವಾಗಿ ಮೂರು ಬೈಪಾಸ್ ಡಯೋಡ್ ಇರುತ್ತವೆ, ಆದರೆ ಆ ಭಾಗದ ಉತ್ಪಾದನೆ ಪೂರ್ತಿ ಹೋದಂತೆಯೇ. ಪ್ರತಿ ಪ್ಯಾನೆಲ್‌ಗೂ ಬೇರೆ ಬೇರೆ ಪುಟ್ಟ ಇನ್ವರ್ಟರ್ ಹಾಕುವ ದಾರಿಯೂ ಇದೆ, ದುಬಾರಿ.

ಇಲ್ಲಿ ಕಾಫಿ ತೋಟದ ಒಂದು ಸೂಕ್ಷ್ಮವಿದೆ. ಬೇರೆ ಊರಿನ ಎಂಜಿನಿಯರಿಗೆ ಅದು ಹೊಳೆಯುವುದಿಲ್ಲ. ಏಪ್ರಿಲ್-ಮೇಯಲ್ಲಿ ನಾವು ನೆರಳಿನ ಮರಗಳ ಕೊಂಬೆ ಕಡಿದು ಕಪಾತು ಮಾಡುತ್ತೇವೆ, ಮಳೆಗಾಲದಲ್ಲಿ ಗಿಡಕ್ಕೆ ಬೆಳಕು ಬೀಳಲೆಂದು. ಜೂನ್‌ನಲ್ಲಿ ಸೈಟ್ ನೋಡಲು ಬಂದವರಿಗೆ ಮಾಡು ಬಟಾಬಯಲಾಗಿ ಕಾಣುತ್ತದೆ. ಮಳೆ ಮುಗಿದು ಮರ ಚಿಗುರಿ, ಜನವರಿ-ಫೆಬ್ರವರಿಗೆ ಕೊಂಬೆ ತುಂಬಿಕೊಂಡು ನೆರಳು ಗಟ್ಟಿಯಾಗುತ್ತದೆ. ಬೇಸಿಗೆಯಲ್ಲಿ ಕಾಫಿಗೆ ಬೇಕಾದದ್ದೂ ಅದೇ. ಅಂದರೆ ಬಿಸಿಲು ಅತಿ ಚೆನ್ನಾಗಿರುವ ತಿಂಗಳುಗಳಲ್ಲೇ ನೆರಳೂ ಅತಿ ಹೆಚ್ಚು. ಜೊತೆಗೆ ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಡಿಸೆಂಬರ್ ಕೊನೆಯಲ್ಲಿ ನಡುಮಧ್ಯಾಹ್ನವೂ ದಿಗಂತದಿಂದ 54 ಡಿಗ್ರಿಯಷ್ಟೇ ಎತ್ತರ. ಮನೆಯ ದಕ್ಷಿಣಕ್ಕೆ ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಸಾಲಿದ್ದರೆ ಅದರ ನೆರಳು ಮಾಡಿನ ಮೇಲೆ ಗಡಿಯಾರದ ಮುಳ್ಳಿನಂತೆ ಸುತ್ತುತ್ತದೆ. ಮೆಣಸಿನ ಮರ ಕಡಿದು ಸೋಲಾರ್ ಹಾಕು ಎನ್ನುವವನಿಗೆ ಮೆಣಸಿನ ರೇಟ್ ಗೊತ್ತಿಲ್ಲ.

ಹಾಗಾದರೆ ಎಲ್ಲಿ ಹಾಕುವುದು? ತೋಟದಲ್ಲಿ ನೆರಳಿಲ್ಲದ ಒಂದು ಜಾಗವನ್ನು ಹಿರಿಯರು ಎಂದೋ ಗುರುತಿಸಿಟ್ಟಿದ್ದಾರೆ: ಕಾಫಿ ಒಣಗಿಸುವ ಕಣ. ಬೆಳಿಗ್ಗೆಯಿಂದ ಸಂಜೆವರೆಗೆ ಬಿಸಿಲು ಬೀಳುವ ಕಡೆಯೇ ಕಣ ಮಾಡಿರುತ್ತಾರೆ. ಅದರ ಪಕ್ಕದ ಗೋಡೌನಿನ ಶೀಟ್ ಮಾಡು ಸೋಲಾರಿಗೆ ಹೇಳಿ ಮಾಡಿಸಿದ್ದು. ಬಾವನ ಮನೆಯಲ್ಲಿ ವಾಸದ ಮನೆಯ ಮೇಲೆ ಹಾಕಿದ್ದಾರೆ, ಹಲಸಿನ ಮರದ ನೆರಳು ಮೂರು ಗಂಟೆಗೇ ಬಂದು ಕೂರುತ್ತದೆ. ಅರವತ್ತು ಮೀಟರ್ ಆಚೆ ಗೋಡೌನ್ ಖಾಲಿ ಬೆನ್ನು ಬಿಟ್ಟುಕೊಂಡು ಬಿಸಿಲು ಕಾಯಿಸುತ್ತಿದೆ. ವಯರ್ ಉದ್ದವಾಗುತ್ತದೆ ಎಂದು ಕಾರಣ ಕೊಟ್ಟರಂತೆ. ಪ್ಯಾನೆಲ್‌ಗಳನ್ನು ಸಾಲಾಗಿ ಕಟ್ಟಿದಾಗ ಡಿಸಿ ವೋಲ್ಟೇಜ್ ಕೆಲವು ನೂರು ವೋಲ್ಟಿಗೆ ಏರಿ ಆಂಪಿಯರ್ ಕಡಿಮೆ ಇರುತ್ತದೆ. ಸರಿಯಾದ ದಪ್ಪದ ಕೇಬಲ್ ಎಳೆದರೆ ಅರವತ್ತು ಮೀಟರಿಗೆ ಆಗುವ ನಷ್ಟ ಹಲಸಿನ ನೆರಳಿನ ನಷ್ಟದ ಹತ್ತಿರಕ್ಕೂ ಬರುವುದಿಲ್ಲ. ನೆಲದ ಮೇಲೇ ಕಂಬ ನೆಟ್ಟು ಹಾಕೋಣ ಎಂದರೆ, ಆನೆ ಓಡಾಡುವ ಕಡೆ ಅದು ಬೇಡ.

ಪ್ಯಾನೆಲ್ ಯಾವ ದಿಕ್ಕಿಗೆ ಎಂಬ ಚರ್ಚೆಯೂ ಸ್ವಾರಸ್ಯದ್ದೇ. ಕೊಡಗಿರುವುದು ಭೂಮಧ್ಯರೇಖೆಯಿಂದ 12 ಡಿಗ್ರಿ ಚಿಲ್ಲರೆ ಉತ್ತರಕ್ಕೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನ ತನಕ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರದಲ್ಲಿರುತ್ತಾನೆ. ಆ ದಿನಗಳಲ್ಲಿ ಹೆಚ್ಚಿನವು ಮಳೆಯ ದಿನಗಳಾದ್ದರಿಂದ ಅವನು ಎಲ್ಲಿದ್ದರೇನು? ನಮಗೆ ದಕ್ಕುವುದು ಚಳಿಗಾಲದ, ದಕ್ಷಿಣದ ಸೂರ್ಯ. ಹಾಗಾಗಿ ದಕ್ಷಿಣಕ್ಕೆ ಇಳಿಜಾರಿದ್ದರೆ ಉತ್ತಮ, ಪೂರ್ವ-ಪಶ್ಚಿಮಕ್ಕಿದ್ದರೂ ದೊಡ್ಡ ನಷ್ಟವಿಲ್ಲ, ಕಡಿದಾದ ಉತ್ತರ ಮಾಡು ಮಾತ್ರ ಬೇಡವೇ ಬೇಡ.

ಜಾಹೀರಾತಿನಲ್ಲಿ ಕಾಣುವ ಸಮತಟ್ಟು ತಾರಸಿ ನಮ್ಮಲ್ಲಿ ಅಪರೂಪ. ಆರ್‌ಸಿಸಿ ಹಾಕಿದವರೂ ಸೋರುವ ಭಯಕ್ಕೆ ಅದರ ಮೇಲೊಂದು ಶೀಟ್ ಅಥವಾ ಹೆಂಚಿನ ಮಾಡು ಮಾಡಿರುತ್ತಾರೆ. 540 ವ್ಯಾಟಿನ ಒಂದು ಪ್ಯಾನೆಲ್ ಸುಮಾರು ಏಳೂವರೆ ಅಡಿ ಉದ್ದ, ಮೂರೂಮುಕ್ಕಾಲು ಅಡಿ ಅಗಲ, ತೂಕ 28 ಕಿಲೋ ಹತ್ತಿರ. 3 ಕಿಲೋವ್ಯಾಟಿಗೆ ಆರು ಬೇಕು. ತೂಕಕ್ಕಿಂತ ಗಾಳಿ ಅಪಾಯ, ಅಡಿಯಿಂದ ನುಗ್ಗಿ ಎತ್ತುತ್ತದೆ. ಹೆಂಚಿನ ಮಾಡಾದರೆ ಕೊಕ್ಕೆಗಳು ಮಾಡು ಹೊರುವ ಪಕಾಸಿಗೇ ಕೂರಬೇಕು, ಹೆಂಚು ಕೂರುವ ತೆಳು ರೀಪಿಗಲ್ಲ. ಹಳೆಯ ಐನ್‌ಮನೆಯ, ಅಂದರೆ ಕುಟುಂಬದ ಮೂಲಮನೆಯ, ಮಾಡಿನ ಮೇಲಂತೂ ಬೇಡವೆಂದೇ ನನ್ನ ಅಭಿಪ್ರಾಯ. ಶೀಟಾದರೆ ತೂತು ಕೊರೆಯುವುದು ಉಬ್ಬಿನ ಮೇಲೆ, ತಗ್ಗಿನಲ್ಲಲ್ಲ, ರಬ್ಬರ್ ವಾಷರ್ ಸಮೇತ. ತಗ್ಗಿನಲ್ಲಿ ಕೊರೆದ ತೂತು ಮೊದಲ ಮಳೆಗೇ ಗೋಡೌನಿನ ಕಾಫಿ ಚೀಲಕ್ಕೆ ದಾರಿ ತೋರಿಸುತ್ತದೆ. ಮಳೆ ಪ್ಯಾನೆಲ್ ತೊಳೆಯುತ್ತದೆ ನಿಜ, ಆದರೆ ಕೆಳಗಿನ ಚೌಕಟ್ಟಿನಂಚಿನಲ್ಲಿ ನೀರು ನಿಂತು ಪಾಚಿ ಕಟ್ಟುತ್ತದೆ. ಅಕ್ಟೋಬರಿನಲ್ಲಿ ಒಮ್ಮೆ ಮೆತ್ತಗಿನ ಬಟ್ಟೆಯಲ್ಲಿ ತಿಕ್ಕಿ ತೆಗೆಯಬೇಕು.

ಈಗ ಕತ್ತಲೆಯ ಲೆಕ್ಕ. ನನ್ನ ಪ್ರಕಾರ ಕೊಡಗಿನಲ್ಲಿ ಇದೇ ಮೊದಲ ಲೆಕ್ಕವಾಗಬೇಕಿತ್ತು. 2018ರ ಆಗಸ್ಟಿನಲ್ಲಿ ಗುಡ್ಡ ಜರಿದಾಗ ಎಷ್ಟೋ ಊರುಗಳಲ್ಲಿ ದಿನಗಟ್ಟಲೆ ಕರೆಂಟ್ ಇರಲಿಲ್ಲ. ಮೊಬೈಲ್ ಚಾರ್ಜ್ ಮಾಡಲಾಗದೆ, ಯಾರು ಎಲ್ಲಿದ್ದಾರೆಂದು ತಿಳಿಯದೆ ಜನ ಒದ್ದಾಡಿದ್ದು ಮರೆಯುವಂಥದ್ದಲ್ಲ. ಅಂಥ ದಿನ ಮನೆಗೆ ನಿಜಕ್ಕೂ ಎಷ್ಟು ಬೇಕು? ಬಾವನ ಜೊತೆ ಕೂತು ಬರೆದೆವು. ಫ್ರಿಜ್ಜಿಗೆ ದಿನಕ್ಕೆ ಒಂದೂಕಾಲು ಯೂನಿಟ್. 9 ವ್ಯಾಟಿನ ಎಂಟು ಬಲ್ಬು ಐದು ಗಂಟೆ ಉರಿದರೆ 0.36. ವೈಫೈ ಪೆಟ್ಟಿಗೆ ಇಡೀ ದಿನಕ್ಕೆ 0.24. ಟಿವಿ ಮೂರು ಗಂಟೆಗೆ ಅಷ್ಟೇ. ಮಿಕ್ಸಿ ಹತ್ತು ನಿಮಿಷಕ್ಕೆ 0.12. ಮೊಬೈಲ್‌ಗಳದ್ದು ಲೆಕ್ಕಕ್ಕೇ ಇಲ್ಲ. ಮಳೆಗಾಲದಲ್ಲಿ ಫ್ಯಾನ್ ಯಾರಿಗೆ ಬೇಕು? ಅರ್ಧ ಗಂಟೆ ಸಣ್ಣ ಪಂಪ್ ಸೇರಿಸಿದರೂ ಎರಡೂವರೆಯಿಂದ ಮೂರು ಯೂನಿಟ್ ಒಳಗೆ ದಿನ ಕಳೆಯುತ್ತದೆ.

"ಗೀಸರ್?" ಎಂದರು ಬಾವ.

ಹಿತ್ತಲಲ್ಲಿ ಹಂಡೆಯ ಕೆಳಗೆ ಕಾಫಿ ಕಟ್ಟಿಗೆ ಹೊಗೆಯಾಡುತ್ತಿತ್ತು. ಗೀಸರ್ 2,000 ವ್ಯಾಟ್ ಎಳೆಯುತ್ತದೆ, ಐದು ಯೂನಿಟ್‌ನ ಬ್ಯಾಟರಿಯನ್ನೂ ಎರಡೂವರೆ ಗಂಟೆಯಲ್ಲಿ ಬರಿದು ಮಾಡುತ್ತದೆ. ಬಿಸಿನೀರಿನ ವಿಷಯದಲ್ಲಿ ಹಂಡೆಯನ್ನು ಮೀರಿಸಿದ ಬ್ಯಾಟರಿ ಇನ್ನೂ ಬಂದಿಲ್ಲ.

ಮೂರು ಯೂನಿಟ್‌ಗೆ ಎಷ್ಟು ಬ್ಯಾಟರಿ? ಈಗಾಗಲೇ ಹಲವರ ಮನೆಯಲ್ಲಿರುವ 150 ಎಎಚ್ (ಆಂಪಿಯರ್-ಗಂಟೆ) ಟ್ಯೂಬುಲರ್ ಬ್ಯಾಟರಿ 12 ವೋಲ್ಟಿನದ್ದು, ಕಾಗದದ ಮೇಲೆ 1.8 ಯೂನಿಟ್. ಬಾಳಿಕೆ ಬೇಕೆಂದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹಿಂಡಬಾರದು. 51.2 ವೋಲ್ಟ್, 100 ಎಎಚ್‌ನ ಒಂದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 5.12 ಯೂನಿಟ್, ನಾಲ್ಕೂವರೆಯಷ್ಟು ಧಾರಾಳವಾಗಿ ಬಳಸಬಹುದು. ಅಂದರೆ ಬಿಸಿಲೇ ಇಲ್ಲದಿದ್ದರೂ ಒಂದೂವರೆ ದಿನ. ಇನ್ನು ಕಪ್ಪು ಮಳೆಯ ದಿನವೂ 3 ಕಿಲೋವ್ಯಾಟ್ ಪ್ಯಾನೆಲ್ ಎರಡು ಯೂನಿಟ್ ಕೊಟ್ಟರೆ, ಕೊರತೆ ದಿನಕ್ಕೆ ಒಂದು ಯೂನಿಟ್ ಮಾತ್ರ. ಟಿವಿ ಬಿಟ್ಟು, ಫ್ರಿಜ್ಜನ್ನು ರಾತ್ರಿ ಆಫ್ ಮಾಡಿದರೆ ನಾಲ್ಕೈದು ದಿನ, ಕೆಲವೊಮ್ಮೆ ವಾರವೇ ದೂಡಬಹುದು. ಪ್ಯಾನೆಲ್ ಹೆಚ್ಚು ಹಾಕುವುದರಿಂದ ಮಳೆಗಾಲ ಗೆಲ್ಲುತ್ತೇವೆಂದು ಹೊರಟರೆ ದುಡ್ಡು ಮುಗಿಯುತ್ತದೆ, ಮೋಡ ಮುಗಿಯುವುದಿಲ್ಲ. ಏನೇನು ಉರಿಯಬೇಕು ಎಂಬ ಪಟ್ಟಿ ಚಿಕ್ಕದಾದಷ್ಟೂ ಕತ್ತಲೆ ದೂರ. ಅದಕ್ಕಾಗಿ ಮನೆಯ ವಯರಿಂಗಿನಲ್ಲೇ ಈ ಅಗತ್ಯದ ಪಾಯಿಂಟ್‌ಗಳನ್ನು ಬೇರೆ ಮಾಡಿ ಹೈಬ್ರಿಡ್‌ನ ಬ್ಯಾಕಪ್ ಕಡೆಗೆ ಜೋಡಿಸಬೇಕು. ಇದನ್ನು ಮಾಡದೆ ಇಡೀ ಮನೆಯನ್ನು ಬ್ಯಾಟರಿಗೆ ಒಪ್ಪಿಸಿದರೆ, ಯಾರೋ ಇಸ್ತ್ರಿಪೆಟ್ಟಿಗೆ ಹಾಕಿದ ಗಳಿಗೆಯಲ್ಲಿ ಎಲ್ಲ ಕತ್ತಲು. ಅಷ್ಟೊಂದು ದುಡ್ಡಿಲ್ಲದವರು ಹಳೆಯ ಯುಪಿಎಸ್ ಉಳಿಸಿಕೊಂಡು, ಒಂದೆರಡು ಪ್ಯಾನೆಲ್ ಮತ್ತು ಬ್ಯಾಟರಿಯನ್ನು ಹದವಾಗಿ ತುಂಬಿಸುವ ಸೋಲಾರ್ ಚಾರ್ಜ್ ಕಂಟ್ರೋಲರ್ ಸೇರಿಸಿಕೊಳ್ಳಬಹುದು. ಸಬ್ಸಿಡಿ ಸಿಗದು, ಮೊಬೈಲ್ ಮತ್ತು ಬಲ್ಬಿಗೆ ಭಯವಿಲ್ಲ.

ಪಂಪಿನ ವಿಷಯದಲ್ಲಿ ಜೋಕೆ. ಬೋರ್‌ವೆಲ್‌ನ ತ್ರೀ ಫೇಸ್ ಮೋಟರ್ ಸಿಂಗಲ್ ಫೇಸ್ ಹೈಬ್ರಿಡ್‌ನಲ್ಲಿ ತಿರುಗುವುದಿಲ್ಲ. ಸಿಂಗಲ್ ಫೇಸ್ ಮೋಟರೂ ಶುರುವಾಗುವ ಕ್ಷಣ ಮಾಮೂಲಿಗಿಂತ ಹಲವು ಪಟ್ಟು ಆಂಪಿಯರ್ ಕೇಳುತ್ತದೆ. ಮೋಡ ಕಟ್ಟುವ ಮೊದಲೇ ಟ್ಯಾಂಕ್ ತುಂಬಿಸಿಡುವುದು ಅಗ್ಗದ ಉಪಾಯ. ಇನ್ನು ಫೆಬ್ರವರಿ-ಮಾರ್ಚ್‌ನಲ್ಲಿ ರೊಬಸ್ಟಾ ಕಾಫಿಗೆ ಹೂ ಅರಳಲೆಂದು ನೀರು ಕೊಡುವ ಸ್ಪ್ರಿಂಕ್ಲರ್ ಸೋಲಾರಿನಲ್ಲಿ ಆಗುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ಬಿಸಿಲಿನ ಕಾಲ, ಕೇಳಲು ಚೆಂದ. ಆದರೆ ಸ್ಪ್ರಿಂಕ್ಲರಿಗೆ ಬೇಕಾದ ಒತ್ತಡಕ್ಕೆ ದೊಡ್ಡ ಎಂಜಿನ್ ಬೇಕು, ವರ್ಷಕ್ಕೆ ಕೆಲವೇ ವಾರದ ಕೆಲಸಕ್ಕೆ ಅಷ್ಟು ಪ್ಯಾನೆಲ್ ಹಾಕುವುದು ವ್ಯರ್ಥ. 2019ರಲ್ಲಿ ಬಂದ ಪಿಎಂ ಕುಸುಮ್ ಯೋಜನೆಯ ಸೋಲಾರ್ ಪಂಪಿನ ಸಬ್ಸಿಡಿ 7.5 ಎಚ್‌ಪಿ ಲೆಕ್ಕದ ತನಕ. ತೋಡಿನಿಂದ (ಸಣ್ಣ ಹಳ್ಳದಿಂದ) ಕೆರೆಗೆ ನಿಧಾನ ನೀರೆತ್ತಲು ಅದು ಸರಿ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್? ದಿನವಿಡೀ ಕೊಯ್ದ ಅರೇಬಿಕಾ ಹಣ್ಣು ಪಲ್ಪರಿಗೆ ಬೀಳುವುದು ಸಂಜೆ, ಪ್ಯಾನೆಲ್ ಮಲಗುವ ಹೊತ್ತಿಗೆ.

ನಮ್ಮ ಕಡೆ ಸೋಲಾರಿಗೆ ಒಳ್ಳೆಯ ಜೋಡಿ ಮಳೆನೀರೇ. ಇಲ್ಲಿ ಹುಟ್ಟುವ ಕಾವೇರಿ 1902ರಿಂದ ಶಿವನಸಮುದ್ರದಲ್ಲಿ ಕರೆಂಟಾಗುತ್ತಿದ್ದಾಳೆ, ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಮನೆಯ ಹಿಂದಿನ ತೋಡಿಗೆ ಎತ್ತರದಿಂದ ಬೀಳುವ ನೀರಿದ್ದರೆ ಪೈಪಿನಲ್ಲಿ ಇಳಿಸಿ ಸಣ್ಣ ಟರ್ಬೈನ್ ತಿರುಗಿಸುವ ಮನೆಗಳು ಮಲೆನಾಡಿನಲ್ಲಿವೆ. 1 ಕಿಲೋವ್ಯಾಟ್ ಟರ್ಬೈನ್ ಹಗಲುರಾತ್ರಿ ತಿರುಗಿದರೆ ದಿನಕ್ಕೆ 24 ಯೂನಿಟ್, ಅದೂ ಪ್ಯಾನೆಲ್ ಸೋತ ತಿಂಗಳುಗಳಲ್ಲೇ. ತೋಡು ಇರುವವರು ಮೊದಲು ತೋಡಿನ ಕಡೆ ನೋಡಲಿ.

ಸಿಡಿಲಿನ ಬಗ್ಗೆ ಎರಡು ಮಾತು. ಏಪ್ರಿಲ್-ಮೇಯ ಗುಡುಗಿಗೆ ಟಿವಿ ಪ್ಲಗ್ ಕೀಳುವ ಅಭ್ಯಾಸ ನಮಗಿದೆ, ಮಾಡಿನ ಮೇಲಿನ ಲೋಹದ ಚೌಕಟ್ಟನ್ನು ಕೀಳಲಾಗದು. ಸಿಡಿಲು ನಿರೋಧಕಕ್ಕೆ ಬೇರೆಯದೇ ಅರ್ಥಿಂಗ್ ಗುಂಡಿ, ಡಿಸಿ ಕಡೆಗೂ ಎಸಿ ಕಡೆಗೂ ಏಕಾಏಕಿ ನುಗ್ಗುವ ವೋಲ್ಟೇಜ್ ತಡೆಯುವ ಸರ್ಜ್ ರಕ್ಷಕ ಇರಲೇಬೇಕು. ಕೊಟೇಶನ್ನಿನಲ್ಲಿ ಮೊದಲು ಕತ್ತರಿ ಬೀಳುವುದು ಇವಕ್ಕೇ.

ಕೊನೆಗೆ ಕಾಗದ. ಬಹಳ ಮಂದಿ ಎಡವುವುದು ಪ್ಯಾನೆಲ್‌ನಲ್ಲಲ್ಲ, ಆರ್‌ಆರ್ ನಂಬರಿನಲ್ಲಿ, ಅಂದರೆ ಬಿಲ್ಲಿನ ಮೇಲಿರುವ ಸಂಪರ್ಕ ಸಂಖ್ಯೆಯಲ್ಲಿ. ಅರ್ಜಿದಾರನ ಹೆಸರೂ ಬಿಲ್ಲಿನ ಹೆಸರೂ ಒಂದಾಗಬೇಕು. ನಮ್ಮಲ್ಲಿ ಬಿಲ್ ಇನ್ನೂ ಅಜ್ಜನ ಹೆಸರಿನಲ್ಲೇ ಬರುತ್ತಿರುತ್ತದೆ. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಆಸ್ತಿಯಾದರೆ ಆರ್‌ಟಿಸಿಯಲ್ಲಿ ಪಟ್ಟೆದಾರರ ಹೆಸರು, ಅದರ ಕೆಳಗೆ ಒಕ್ಕದ, ಅಂದರೆ ಕುಟುಂಬದ, ಹತ್ತಾರು ಮಂದಿ. ಅಣ್ಣತಮ್ಮಂದಿರ ಒಪ್ಪಿಗೆ ಪತ್ರ ಮೊದಲು ಮಾಡಿಸಿಟ್ಟುಕೊಳ್ಳದೆ ಮಾಡು ಅಳೆಯಲು ಜನ ಕರೆಸಬೇಡಿ. ಬಾವನ ಬಿಲ್ಲಿನಲ್ಲಿ ಅವರಪ್ಪನ ಹೆಸರಿತ್ತು, ಹೆಸರು ಬದಲಾಗಲು ಎರಡು ತಿಂಗಳು ಓಡಾಡಿದ್ದರು. ಈಗ ಬ್ಯಾಟರಿ ಸೇರಿಸಿ ಇನ್ವರ್ಟರನ್ನು ಹೈಬ್ರಿಡ್‌ಗೆ ಬದಲಿಸಲು ಹೊರಟಿದ್ದಾರೆ. ಈ ಸಲ ಕೊಟೇಶನ್ ತಂದವನನ್ನು ಜಗಲಿಯಲ್ಲಿ ಕೂರಿಸಿ, ಕಾಫಿ ಕೊಟ್ಟು, ಬಾವ ಕೇಳಿದ ಮೊದಲ ಪ್ರಶ್ನೆ: "ಮೇನ್ ಸ್ವಿಚ್ ಆಫ್ ಮಾಡಿದ್ರೆ ಯಾವ್ಯಾವ ಲೈಟ್ ಉರೀತದೆ? ಹಾಕಿದ ದಿನ ನನ್ನೆದುರೇ ಆಫ್ ಮಾಡಿ ತೋರಿಸ್ಬೇಕು. ಆಮೇಲೆ ದುಡ್ಡು."